ಕಾರ್ಡ್ ಬಂತು, ಕಲಿಕೆ ಮುಗೀತಾ?

ಮೊನ್ನೆ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತು ಬಂದವನು. ಮೊಬೈಲಿನಲ್ಲಿ ಓಪನ್ ವಾಟರ್ ಕಾರ್ಡ್ ತೋರಿಸಿ, "ಮಾಮಾ, ಇಷ್ಟು ಸಾಕು. ಮುಂದಿನ ಕೋರ್ಸೆಲ್ಲ ದುಡ್ಡು ಕೀಳೋ ದಾರಿ" ಅಂದ.

ಅವನ ಮಾತು ಅರ್ಧ ನಿಜ. 'ಅಡ್ವಾನ್ಸ್‌ಡ್' ಅನ್ನೋ ಹೆಸರೇ ಮೋಸ. ಪಾಡಿ ಸಂಸ್ಥೆಯ ಆ ಕೋರ್ಸಿನಲ್ಲಿರೋದು ಐದೇ ಡೈವ್. ಓಪನ್ ವಾಟರ್ ಮುಗಿದ ಮರುದಿನವೇ ಸೇರಬಹುದು. ಅಷ್ಟರಿಂದ ಯಾರೂ ಪಳಗಿಬಿಡೋಲ್ಲ. ನಮ್ಮಲ್ಲಿ ಸಿಎಐಐಬಿ ಪಾಸಾದ ಮಾತ್ರಕ್ಕೆ ಖೋಟಾ ಚೆಕ್ ಕಣ್ಣಿಗೆ ಬೀಳುತ್ತದೆಯೇ?

ಇನ್ನರ್ಧದ ಲೆಕ್ಕ ನೋಡಿ. ಮೊದಲ ಕಾರ್ಡಿಗೆ ಮಿತಿ 18 ಮೀಟರ್, ಅಡ್ವಾನ್ಸ್‌ಡ್‌ಗೆ 30. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 30 ಮೀಟರಿನಲ್ಲಿ ಒಟ್ಟು ನಾಲ್ಕು ಪಟ್ಟು. ಮೇಲೆ ಒಂದು ಗಂಟೆ ಸಾಲುವ ಗಾಳಿ ಅಲ್ಲಿ ಕಾಲು ಗಂಟೆಗೆ ಖಾಲಿ. ಗಾಬರಿಯಾದರೆ ಅಷ್ಟೂ ಇಲ್ಲ. ಹೆದರಿ ಉಸಿರು ಬಿಗಿಹಿಡಿದು ಮೇಲಕ್ಕೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಇದನ್ನೆಲ್ಲ ಮೊದಲ ಕೋರ್ಸಿನಲ್ಲೇ ಹೇಳಿರುತ್ತಾರೆ. ಆದರೆ ಕೇಳಿದ್ದು ಬೇರೆ, ಕೈಗೆ ಹತ್ತಿದ್ದು ಬೇರೆ. ಅದರ ಮೇಲೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಡೈವಿಂಗ್ ಬಂದ್. ಕಲಿತದ್ದೂ ಅಷ್ಟರಲ್ಲಿ ಮರೆತುಹೋಗುತ್ತದೆ.

ಡೈವಿಂಗಿನಲ್ಲಿ ಜೊತೆಗಾರನಿಗೆ 'ಬಡ್ಡಿ' ಅಂತಾರೆ. ಬ್ಯಾಂಕಿನವನಾದ ನನಗೆ ಮೊದಲು ನಗು ಬಂದಿತ್ತು. ಆಮೇಲೆ ಅರ್ಥವಾಯಿತು, ನೀರಿನೊಳಗೆ ನಮ್ಮ ಇನ್ಶೂರೆನ್ಸ್ ಅವನೇ ಅಂತ. ಅದಕ್ಕೇ ನಾನು ಒತ್ತಿ ಹೇಳೋದು ಅಡ್ವಾನ್ಸ್‌ಡ್ ನಂತರದ ರೆಸ್ಕ್ಯೂ ಡೈವರ್ ಕೋರ್ಸಿನ ಬಗ್ಗೆ. ಗಾಬರಿಯಾದವನ ಲಕ್ಷಣ ಗುರುತಿಸೋದು, ಸುಸ್ತಾದವನನ್ನು ಎಳೆದು ತರೋದು, ಪ್ರಜ್ಞೆ ತಪ್ಪಿದವನನ್ನು ಮೇಲಕ್ಕೆ ತರೋದು, ಇವೇ ಅಲ್ಲಿನ ಪಾಠ. ಜೊತೆಗೆ ಪ್ರಥಮ ಚಿಕಿತ್ಸೆ, ಸಿಪಿಆರ್ ಕಲಿತಿರಲೇಬೇಕು. ನಾನು ಕಲಿಯುವಾಗ ಮುಳುಗುವವನಂತೆ ನಟಿಸಿದ ಇನ್‌ಸ್ಟ್ರಕ್ಟರ್ ನನ್ನ ಹೆಗಲ ಮೇಲೇ ಹತ್ತಿಬಿಟ್ಟ! ನನಗೇ ಕೈಕಾಲು ಆಡಲಿಲ್ಲ. ಮೂರನೇ ಸಲ ಸರಿಹೋಯಿತು. ತಪ್ಪು ಮಾಡೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಮುಂದಿನ ತಿಂಗಳು ಹುಡುಗ ಹೆಂಡತಿ ಜೊತೆ ಅಂಡಮಾನಿಗೆ ಹೊರಟಿದ್ದಾನೆ. ಅವಳೂ ಹೊಸಬಳು.

"ಕೆಳಗೆ ಅವಳಿಗೆ ಗಾಬರಿಯಾದರೆ ಏನು ಮಾಡ್ತೀಯೋ?" ಕೇಳಿದೆ.

"ಇನ್‌ಸ್ಟ್ರಕ್ಟರ್ ಇರ್ತಾನಲ್ಲ ಮಾಮಾ."

"ಆ ಗಳಿಗೇಲಿ ಅವನು ಇನ್ನೊಬ್ಬರನ್ನ ನೋಡ್ತಿದ್ರೆ?"

ಮಾತಾಡಲಿಲ್ಲ. ಕಾಫಿ ಲೋಟ ಹಾಗೇ ಹಿಡಿದು ಕೂತಿದ್ದ.

ಕಾರ್ಡ್ ಮೇಲೆ ಕಾರ್ಡ್ ಕೂಡಿಡಿ ಅಂತ ನಾನು ಹೇಳೋಲ್ಲ. ಕಡಿಮೆ ಆಳದಲ್ಲಿ ನಾಲ್ಕಾರು ಸಲ ಇಳಿಯಿರಿ, ಕೈ ಪಳಗಲಿ, ಆಮೇಲೆ ಮುಂದಿನದು ಕಲಿಯಿರಿ. ಇನ್ನೂ ಆಳಕ್ಕೆ ಹೋಗುವ ಆಸೆಗಿಂತ, ಪಕ್ಕದವರನ್ನು ಮನೆಗೆ ಕರೆತರುವ ಜವಾಬ್ದಾರಿಗೆ ಕೊಟ್ಟ ಫೀಸು ಎಂದೂ ನಷ್ಟವಲ್ಲ.

ನೀವೇನಂತೀರಿ?