ಹೋಲಿಕೆಯೇ ಶಿಫಾರಸಲ್ಲ: ಗಣಕಯಂತ್ರದ ಪಠ್ಯವಿಶ್ಲೇಷಣೆ ಮತ್ತು ಕನ್ನಡದ ಓದುಗ

ಒಂದು ಗ್ರಂಥವನ್ನು ಓದಿ ಮುಗಿಸಿದವರಿಗೆ ಮುಂದೆ ಯಾವುದನ್ನು ಓದಬೇಕೆಂದು ಹೇಳುವುದು ವಿದ್ವತ್ತಿನ ಕೆಲಸಗಳಲ್ಲಿ ಚಿಕ್ಕದೇನೂ ಅಲ್ಲ. ಕನ್ನಡದಲ್ಲಿ ಈ ಹೊಣೆಯನ್ನು ಅಧ್ಯಾಪಕರು, ಗ್ರಂಥಸಂಪಾದಕರು, ಗ್ರಂಥಪಾಲಕರು ಹಂಚಿಕೊಂಡು ಹೊತ್ತುಬಂದಿದ್ದಾರೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಹೊರಬಂದ ಮೇಲೆ ಹಳಗನ್ನಡದ ವಿದ್ಯಾರ್ಥಿಗಳಿಗೆ ಅದೇ ದಾರಿದೀಪವಾಯಿತು. ಈಗ ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಬೇಕೆಂಬ ವಾದವೊಂದು ಬಲಗೊಳ್ಳುತ್ತಿದೆ. ಯಂತ್ರವು ಗ್ರಂಥದ ಪಠ್ಯವನ್ನೇ ಪರಿಶೀಲಿಸುತ್ತದೆ. ಅದರ ಪದ, ವಾಕ್ಯ, ವಸ್ತುಗಳನ್ನು ಅಳೆದು ಅದಕ್ಕೆ ಸಮೀಪವಾದ ಇತರ ಗ್ರಂಥಗಳನ್ನು ತೋರಿಸುತ್ತದೆ. ಆದ್ದರಿಂದ ಪಕ್ಷಪಾತವಿಲ್ಲದ ಶಿಫಾರಸು ದೊರೆಯುತ್ತದೆ ಎಂಬುದು ಈ ವಾದದ ಸಾರ. ಇಲ್ಲಿ ಒಂದು ಮಾತಿನ ಸ್ಥಾನದಲ್ಲಿ ಇನ್ನೊಂದು ಮಾತು ಸದ್ದಿಲ್ಲದೆ ಬಂದು ಕುಳಿತಿದೆ. ಯಂತ್ರ ಕಂಡುಹಿಡಿಯುವುದು ಹೋಲಿಕೆಯನ್ನು. ಅದಕ್ಕೆ ಶಿಫಾರಸು ಎಂಬ ಹೆಸರನ್ನು ಕೊಡಲಾಗುತ್ತಿದೆ.

ಈ ವಿಧಾನದ ಗುಣವನ್ನು ಮೊದಲೇ ಒಪ್ಪಬೇಕು. ಮಾರಾಟದ ತಾಣಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಬೇರೊಂದು ಕ್ರಮ: ಈ ಪುಸ್ತಕವನ್ನು ಕೊಂಡವರು ಮತ್ತಾವುದನ್ನು ಕೊಂಡರು ಎಂಬ ಲೆಕ್ಕ. ಆ ಲೆಕ್ಕದಲ್ಲಿ ಮಾರಾಟವಾಗದ ಪುಸ್ತಕಕ್ಕೆ ಅಸ್ತಿತ್ವವೇ ಇಲ್ಲ. ಅದರಂತೆ ನಡೆದರೆ ಹಳಗನ್ನಡ ಕಾವ್ಯವೊಂದು ಯಾವ ಓದುಗನ ಕಣ್ಣಿಗೂ ಬೀಳುವುದಿಲ್ಲ. ಪಠ್ಯವನ್ನೇ ಆಧಾರವಾಗಿ ಇಟ್ಟುಕೊಂಡ ವಿಧಾನಕ್ಕೆ ಈ ದೋಷವಿಲ್ಲ. ಯಾರೂ ಕೊಳ್ಳದ, ಯಾರೂ ವಿಮರ್ಶಿಸದ ಗ್ರಂಥವನ್ನೂ ಅದು ಮುಂದೆ ತರಬಲ್ಲದು. ಆದರೆ ಕೆಟ್ಟ ವಿಧಾನವೊಂದಕ್ಕಿಂತ ಮೇಲು ಎಂದ ಮಾತ್ರಕ್ಕೆ ಅದು ಓದುಗನ ಅಗತ್ಯವನ್ನು ಬಲ್ಲದೆಂದು ಆಗುವುದಿಲ್ಲ.

ಈ ಆಲೋಚನೆಗೆ ಪ್ರಸಿದ್ಧ ಉದಾಹರಣೆ ಅಮೆರಿಕದ ‘ಬುಕ್‌ಲ್ಯಾಂಪ್’. ‘ಬುಕ್ ಜೀನೋಮ್ ಪ್ರಾಜೆಕ್ಟ್’ ಎಂಬ ಯೋಜನೆಯ ಮೇಲೆ ನಿಂತಿದ್ದ ಈ ತಾಣ, ಪುಸ್ತಕಗಳ ಪಠ್ಯದಲ್ಲಿ ಕಥನದ ವೇಗ, ಬರವಣಿಗೆಯ ಸಾಂದ್ರತೆ, ವರ್ಣನೆ, ಸಂಭಾಷಣೆ ಮೊದಲಾದವುಗಳ ಪ್ರಮಾಣವನ್ನು ಅಳೆದು ಪುಸ್ತಕಗಳ ಸಾಮೀಪ್ಯವನ್ನು ನಿರ್ಧರಿಸುತ್ತಿತ್ತು. 2014ರಲ್ಲಿ ಆಪಲ್ ಕಂಪನಿ ಅದನ್ನು ಕೊಂಡುಕೊಂಡಿತು. ಇದೇ ರೂಪಕವನ್ನು ಸಂಗೀತಕ್ಕೆ ಬಳಸಿದ ಪಂಡೋರಾ ಸಂಸ್ಥೆಯ ‘ಮ್ಯೂಸಿಕ್ ಜೀನೋಮ್’ ಯೋಜನೆಯಲ್ಲಿ ಸಂಗೀತ ಬಲ್ಲವರು ಹಾಡುಗಳನ್ನು ಕೇಳಿ ಅವುಗಳ ಲಕ್ಷಣಗಳನ್ನು ಗುರುತಿಸುತ್ತಿದ್ದರು. ಅಲ್ಲಿ ಕೇಳುವ ಕಿವಿಯೊಂದು ನಡುವೆ ಇತ್ತು. ಪುಸ್ತಕದ ವಿಷಯಕ್ಕೆ ಬರುವಾಗ ಆ ಕಿವಿಯನ್ನು ಬಿಟ್ಟು ಎಣಿಕೆಯನ್ನು ಮಾತ್ರ ಉಳಿಸಿಕೊಳ್ಳಲಾಯಿತು.

ಎಣಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ತಿಳಿದಿರಬೇಕು. ಬಿಡಿ ಪದಗಳ ಆವರ್ತನೆಯನ್ನು ಹಾಗೆಯೇ ಲೆಕ್ಕಹಾಕಿದರೆ ಎಲ್ಲೆಲ್ಲೂ ಬರುವ ಪದಗಳೇ ಮೇಲುಗೈ ಪಡೆಯುತ್ತವೆ. ಇದನ್ನು ತಪ್ಪಿಸಲು, ಕಡಮೆ ಕೃತಿಗಳಲ್ಲಿ ಕಾಣುವ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂಬ ತತ್ತ್ವವನ್ನು ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದರು. ಈ ಎರಡು ಕ್ರಮಗಳನ್ನೂ ಕನ್ನಡದ ಚಂಪೂಕಾವ್ಯಗಳಿಗೆ ಅನ್ವಯಿಸಿ ನೋಡಬಹುದು. ಬರಿಯ ಆವರ್ತನೆಯನ್ನು ಹಿಡಿದರೆ ಪಂಪನ ಆದಿಪುರಾಣ, ಪೊನ್ನನ ಶಾಂತಿಪುರಾಣ, ರನ್ನನ ಅಜಿತಪುರಾಣ ಮೂರೂ ಒಂದೇ ಎಂಬಂತೆ ತೋರುತ್ತವೆ. ಪಂಚಕಲ್ಯಾಣಗಳ ನಿರೂಪಣೆಯೂ ಅಷ್ಟಾದಶವರ್ಣನೆಗಳ ಪದಸಂಪತ್ತೂ ಅವುಗಳಿಗೆ ಸಾಮಾನ್ಯ. ವಿರಳ ಪದಗಳಿಗೆ ತೂಕ ಕೊಟ್ಟರೆ ಮೇಲೇಳುವುದು ಬಹುಮಟ್ಟಿಗೆ ಅಂಕಿತನಾಮಗಳು. ಪಂಪಭಾರತದಲ್ಲಿ ‘ಗುಣಾರ್ಣವ’ ಎಂಬ ಪದಕ್ಕೆ ಭಾರೀ ತೂಕ ಬಂದೀತು. ಅದು ಅರಿಕೇಸರಿಯ ಬಿರುದೆಂಬುದಾಗಲಿ, ಅರ್ಜುನನ ಮೇಲೆ ಅದನ್ನಿಟ್ಟು ಕವಿ ತನ್ನ ಒಡೆಯನನ್ನು ಕಥಾನಾಯಕನೊಡನೆ ಬೆಸೆದನೆಂಬುದಾಗಲಿ ತೂಕದಲ್ಲಿ ಕಾಣಿಸದು.

ಲಿಪಿಯ ತೊಡಕು ಇದಕ್ಕಿಂತ ಮೊದಲಿನದು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಅರಿ’ ಎಂದರೆ ಶತ್ರು, ‘ಅಱಿ’ ಎಂದರೆ ತಿಳಿ. ಱ, ೞ ಅಕ್ಷರಗಳನ್ನು ಬಿಟ್ಟು ಅಚ್ಚಾದ ಪಠ್ಯವನ್ನು ಯಂತ್ರಕ್ಕೆ ಉಣಿಸಿದರೆ ಕತ್ತಿಯೂ ಬಾಳುವೆಯೂ, ಹಗೆಯೂ ಅರಿವೂ ಒಂದೇ ಪದವಾಗುತ್ತವೆ. ಸಂಧಿ ಸಮಾಸಗಳಿಂದ ಒಂದು ಪಾದವೇ ಒಂದು ಪದದಂತೆ ಹೆಣೆದುಕೊಂಡಿರುವ ಕಡೆ ಪದಚ್ಛೇದವೇ ವಿದ್ವಾಂಸರ ವಾದವಿಷಯವಾಗಿರುತ್ತದೆ. ಇದೆಲ್ಲ ತಾಂತ್ರಿಕ ಕೊರತೆ, ನಾಳೆ ಸರಿಹೋಗುತ್ತದೆ ಎಂದು ಪ್ರತಿಪಾದಕರು ಹೇಳಬಹುದು. ಸರಿಹೋಗಲಿ. ಮೂಲದ ಆಕ್ಷೇಪ ಅದರಿಂದ ಕರಗುವುದಿಲ್ಲ.

ಕೃತಿಯ ಭಾವವನ್ನು ಭಾವವಾಚಕ ಪದಗಳಿಂದ ಅಳೆಯಬಹುದೆಂಬ ನಂಬಿಕೆ ಪಠ್ಯವಿಶ್ಲೇಷಣೆಯಲ್ಲಿ ಬೇರೂರಿದೆ. ದುಃಖವನ್ನು ಹೇಳುವ ಪದಗಳು ಹೆಚ್ಚಿದ್ದರೆ ದುಃಖದ ಕೃತಿ, ಕೊಲೆ ರಕ್ತಗಳ ಮಾತು ಹೆಚ್ಚಿದ್ದರೆ ಹಿಂಸೆಯ ಕೃತಿ. ಭಾರತೀಯ ಕಾವ್ಯಮೀಮಾಂಸೆ ಇದಕ್ಕೆ ನೇರ ವಿರುದ್ಧವಾದ ನಿಲುವನ್ನು ತಳೆದಿದೆ. 9ನೆಯ ಶತಮಾನದಲ್ಲೇ ಆನಂದವರ್ಧನನು ರಸವು ಅದರ ಹೆಸರನ್ನು ಹೇಳುವುದರಿಂದ ಹುಟ್ಟುವುದಿಲ್ಲವೆಂದು ತೋರಿಸಿದನು. ಮಮ್ಮಟನು ರಸಭಾವಗಳನ್ನು ಸ್ವಶಬ್ದದಿಂದ ಹೆಸರಿಸುವುದನ್ನು ದೋಷಗಳ ಪಟ್ಟಿಯಲ್ಲೇ ಸೇರಿಸಿದನು. ಆಲಂಕಾರಿಕರು ದೋಷವೆಂದದ್ದನ್ನು ಈ ಗಣನೆ ಪ್ರಮಾಣವೆಂದು ಹಿಡಿಯುತ್ತದೆ.

ಜನ್ನನ ಯಶೋಧರ ಚರಿತೆ (1209) ಇದಕ್ಕೆ ಸ್ಪಷ್ಟ ನಿದರ್ಶನ. ಮಾರಿಯ ಗುಡಿ, ಬಲಿ, ವಿಷ, ಜನ್ಮಜನ್ಮಾಂತರದ ಸಾವುಗಳು ಕಾವ್ಯದುದ್ದಕ್ಕೂ ಇವೆ. ಪದಗಳನ್ನು ಎಣಿಸುವ ವಿಧಾನ ಇದನ್ನು ಕ್ರೌರ್ಯದ ಕಥೆಗಳ ಸಾಲಿಗೆ ಸೇರಿಸಿ ಓದುಗನಿಗೆ ಮತ್ತಷ್ಟು ಕ್ರೌರ್ಯದ ಕಥೆಗಳನ್ನು ತೋರಿಸೀತು. ಆದರೆ ಕಾವ್ಯದ ಭಾರವೆಲ್ಲ ನಿಂತಿರುವುದು ರಕ್ತವೇ ಇಲ್ಲದ ಒಂದು ಕೃತ್ಯದ ಮೇಲೆ. ಯಶೋಧರನು ಬಲಿಕೊಡುವುದು ಹಿಟ್ಟಿನ ಕೋಳಿಯನ್ನು. ಅಲ್ಲಿ ಸತ್ತ ಪ್ರಾಣಿ ಇಲ್ಲ, ಕೊಲ್ಲುವ ಸಂಕಲ್ಪ ಮಾತ್ರ ಇದೆ. ಆ ಸಂಕಲ್ಪವೇ ತಾಯಿ ಮಗ ಇಬ್ಬರನ್ನೂ ಭವಭವಗಳಲ್ಲಿ ಅಲೆಸುತ್ತದೆ. ಕೊನೆಗೆ ಈ ಕಥೆಯನ್ನು ಕೇಳಿದ ಮಾರಿದತ್ತನು ಬಲಿಯನ್ನು ಕೈಬಿಡುತ್ತಾನೆ. ಎಣಿಕೆಗೆ ಅತ್ಯಂತ ಹಗುರವಾಗಿ ಕಾಣುವ ಹಿಟ್ಟಿನ ಕೋಳಿಯೇ ಕಾವ್ಯದಲ್ಲಿ ಅತ್ಯಂತ ಭಾರವಾದುದು.

ಪಂಪನ ಆದಿಪುರಾಣದಲ್ಲಿ (941) ಬರುವ ನೀಲಾಂಜನೆಯ ಪ್ರಸಂಗವೂ ಅಂಥದೇ. ಅಲ್ಲಿಯ ಪದಗಳೆಲ್ಲ ನೃತ್ಯದವು, ಸೌಂದರ್ಯದವು. ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ಇಂದ್ರನು ಕ್ಷಣಮಾತ್ರದಲ್ಲಿ ಅವಳನ್ನೇ ಹೋಲುವ ಇನ್ನೊಬ್ಬಳನ್ನು ನಿರ್ಮಿಸಿ ನೃತ್ಯ ನಿಲ್ಲದಂತೆ ನೋಡಿಕೊಳ್ಳುತ್ತಾನೆ. ಸಭೆಗೆ ಕಂಡದ್ದು ಎಡೆಮುರಿಯದ ನೃತ್ಯ. ಆದಿದೇವನೊಬ್ಬನು ವ್ಯತ್ಯಾಸವನ್ನು ಕಂಡನು, ಅದರಿಂದಲೇ ಅವನಲ್ಲಿ ವೈರಾಗ್ಯ ಮೂಡಿತು. ಹೋಲಿಕೆ ಎಷ್ಟೇ ಪೂರ್ಣವಾಗಿದ್ದರೂ ಅದರೊಳಗಿನ ವ್ಯತ್ಯಾಸವನ್ನು ಗುರುತಿಸುವುದೇ ಓದು. ಈ ಸನ್ನಿವೇಶವನ್ನು ಮೆಚ್ಚಿದ ವಿದ್ಯಾರ್ಥಿಗೆ ನೃತ್ಯವರ್ಣನೆಗಳ ಪಟ್ಟಿಯನ್ನು ಕೊಟ್ಟರೆ ಅವನನ್ನು ಸಭೆಯಲ್ಲೇ ಕೂರಿಸಿದಂತೆ ಆಗುತ್ತದೆ.

ಒಳ್ಳೆಯ ಅಧ್ಯಾಪಕರು ಅನೇಕ ಸಲ ಹೋಲಿಕೆ ಇಲ್ಲದ ಕಾರಣಕ್ಕೇ ಒಂದು ಕೃತಿಯನ್ನು ಸೂಚಿಸುತ್ತಾರೆ. ನೇಮಿಚಂದ್ರನ ಲೀಲಾವತಿಯಂಥ ಸಂಸ್ಕೃತಭೂಯಿಷ್ಠ ಚಂಪುವನ್ನು ಓದಿದವರಿಗೆ ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟ ಆಂಡಯ್ಯನ ಕಬ್ಬಿಗರ ಕಾವವನ್ನು ಓದಲು ಹೇಳುವುದು ಇದಕ್ಕಾಗಿಯೇ. ಪದಗಳ ಲೆಕ್ಕದಲ್ಲಿ ಇವೆರಡರ ನಡುವೆ ದೊಡ್ಡ ಅಂತರವಿದೆ. ಆದರೆ ಭಾಷೆಯ ಬಗೆಗೆ ಕನ್ನಡ ಕವಿಗಳು ಶತಮಾನಗಳ ಕಾಲ ನಡೆಸಿದ ಜಗಳ ತಿಳಿಯಬೇಕಾದರೆ ಇವೆರಡನ್ನೂ, ಜೊತೆಗೆ ಸಂಸ್ಕೃತದ ಬೆರಕೆಯನ್ನು ಹಳಿದ ನಯಸೇನನ ಧರ್ಮಾಮೃತವನ್ನೂ (1112), ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಹೋಲಿಕೆ ಉಪಯೋಗಕ್ಕೆ ಬರುವ ಸಂದರ್ಭಗಳೂ ಉಂಟು. ಪಂಪಭಾರತವನ್ನು ಓದಿದವನಿಗೆ ಯಂತ್ರವು ರನ್ನನ ಗದಾಯುದ್ಧವನ್ನು ತೋರಿಸಿದರೆ ಅದು ಸರಿಯಾದ ಸೂಚನೆಯೇ. ಆದರೆ ಪಂಪನು ಕಥೆಯ ಒಂದು ಭಾಗವಾಗಿ ಹೇಳಿದ್ದನ್ನು ರನ್ನನು ಇಡೀ ಕಾವ್ಯವಾಗಿ ಬೆಳೆಸಿದನೆಂಬುದನ್ನೂ ದುರ್ಯೋಧನನಿಗೆ ಅಲ್ಲಿ ದೊರೆತ ಹಿರಿಮೆಯನ್ನೂ ಹೇಳದೆ ಹೋದರೆ, ಓದುಗನಿಗೆ ಅದೇ ಕಥೆಯ ಇನ್ನೊಂದು ಪುಸ್ತಕ ಸಿಕ್ಕಂತಾಗುತ್ತದೆ, ಅಷ್ಟೆ.

ಈಗಿನ ಭಾಷಾಮಾದರಿಗಳು ಬಿಡಿ ಪದಗಳನ್ನು ಎಣಿಸುವುದಿಲ್ಲ, ಸಂದರ್ಭವನ್ನೂ ಪದಗಳ ಅನುಕ್ರಮವನ್ನೂ ಗಮನಿಸುತ್ತವೆ ಎಂಬ ಪ್ರತಿವಾದ ಬರುತ್ತದೆ. ಇದು ನಿಜ. ಆದರೆ ಅವು ಕಲಿತಿರುವ ಪಠ್ಯರಾಶಿಯಲ್ಲಿ ಹಳಗನ್ನಡದ ಪಾಲು ಅತ್ಯಲ್ಪ. ಅದಕ್ಕಿಂತ ಮುಖ್ಯವಾದುದು, ಶಿಫಾರಸಿಗೆಂದು ಅವುಗಳನ್ನು ಬಳಸುವಾಗ ಸಾಮಾನ್ಯವಾಗಿ ಮಾಡುವುದು ಕೃತಿಗಳನ್ನು ಸಂಖ್ಯಾರೂಪಕ್ಕೆ ತಂದು ಸಮೀಪದ್ದನ್ನು ಹೆಕ್ಕುವುದನ್ನೇ. ಅಳತೆಗೋಲು ಸೂಕ್ಷ್ಮವಾಗಿದೆ, ಅಳೆಯುತ್ತಿರುವುದು ಈಗಲೂ ಸಾಮೀಪ್ಯವನ್ನೇ. ತನಗೆ ಹಿಡಿಸಿದ್ದಕ್ಕೆ ಸಮೀಪವಾದುದನ್ನೇ ಓದುತ್ತ ಹೋಗುವವನ ಅಭಿರುಚಿ ಬೆಳೆಯುವುದಕ್ಕೆ ದಾರಿಯೇ ಇಲ್ಲ. ಸಂಶೋಧಕನ ಪಾಲಿಗೆ ಅಪಾಯ ಇನ್ನೂ ಹೆಚ್ಚು: ಯಂತ್ರ ತೋರಿಸದ ಕೃತಿ ಅವನ ಆಕರಗಳ ಪಟ್ಟಿಯಲ್ಲಿ ಬರುವುದಿಲ್ಲ, ಬಾರದಿದ್ದುದರ ಅರಿವೂ ಅವನಿಗೆ ಆಗುವುದಿಲ್ಲ.

ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಓದುಗನಿಗೆ ತಕ್ಕ ಪುಸ್ತಕವನ್ನೂ ಪುಸ್ತಕಕ್ಕೆ ತಕ್ಕ ಓದುಗನನ್ನೂ ದೊರಕಿಸುವ ಹೊಣೆಯನ್ನು ಎರಡು ಬೇರೆ ಸೂತ್ರಗಳಾಗಿ ಇಟ್ಟರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಇದೆ. ಆ ಸೂತ್ರಗಳಲ್ಲಿ ಓದುಗನೂ ಒಬ್ಬ ಪಕ್ಷಕಾರ. ಪಠ್ಯವಿಶ್ಲೇಷಣೆಯಲ್ಲಿ ಇರುವುದು ಪುಸ್ತಕ ಮತ್ತು ಪುಸ್ತಕಗಳ ನಡುವಿನ ಸಂಬಂಧ ಮಾತ್ರ; ಕೇಳಿದವನು ಯಾರು, ಏಕೆ ಕೇಳಿದನು, ಎಷ್ಟು ಓದಿದ್ದಾನೆ ಎಂಬುದಕ್ಕೆ ಅಲ್ಲಿ ಸ್ಥಾನವಿಲ್ಲ.

ಹೀಗೆಂದು ಯಂತ್ರವನ್ನು ಹೊರಗಟ್ಟಬೇಕಾಗಿಲ್ಲ. ಪದಪ್ರಯೋಗಕೋಶಗಳ ರಚನೆ, ಸಮಾನ ಪದ್ಯಗಳ ಶೋಧ, ಪಾಠಾಂತರಗಳ ತುಲನೆ, ಕರ್ತೃತ್ವದ ಪ್ರಶ್ನೆಗಳಲ್ಲಿ ಅದರ ನೆರವು ದೊಡ್ಡದು. ಱ, ೞಗಳನ್ನು ಉಳಿಸಿಕೊಂಡ ಶುದ್ಧ ಪಾಠಗಳನ್ನು ಗಣಕಕ್ಕೆ ಸಿದ್ಧಪಡಿಸುವ ಕೆಲಸ ತುರ್ತಾಗಿ ಆಗಬೇಕು. ಪಠ್ಯಾಧಾರಿತ ಸೂಚನೆಯನ್ನು ಯಾವುದೇ ಗ್ರಂಥಾಲಯ ಅಳವಡಿಸಿಕೊಳ್ಳುವುದಾದರೆ, ಅದನ್ನು ‘ಇದನ್ನು ಓದಿ’ ಎಂದು ತೋರಿಸದೆ ‘ಇಂಥ ಅಂಶದಲ್ಲಿ ಇದು ಹೋಲುತ್ತದೆ’ ಎಂದು, ಅಂಶವನ್ನು ಹೆಸರಿಸಿ ತೋರಿಸಬೇಕು. ಅದರ ಪಕ್ಕದಲ್ಲಿ ಗ್ರಂಥವನ್ನು ಓದಿದವರೊಬ್ಬರು ಬರೆದ ನಾಲ್ಕು ಸಾಲಿನ ಸಕಾರಣ ಟಿಪ್ಪಣಿಯೂ ಇರಬೇಕು. ಗ್ರಂಥಪಾಲಕರ ಹುದ್ದೆಯನ್ನು ಖಾಲಿ ಬಿಟ್ಟು ಆ ಜಾಗಕ್ಕೆ ಯಂತ್ರವನ್ನು ತರುವ ಕಾಲೇಜು ತನ್ನ ವಿದ್ಯಾರ್ಥಿಗೆ ಯಶೋಧರ ಚರಿತೆಯನ್ನು ಹುಡುಕಿಕೊಡಬಲ್ಲದು. ಅದನ್ನು ಏಕೆ ಓದಬೇಕೆಂದು ಅವನು ಕೇಳಿದರೆ ಉತ್ತರ ಕೊಡಲು ಅಲ್ಲಿ ಯಾರೂ ಇರುವುದಿಲ್ಲ.