ಹಸುವಿಗೆ ಹುಲ್ಲು ಬೇಕು, ನಮ್ಮ ಕರುಳಿಗೆ?

ಡೈರಿಗೆ ಹಾಲು ಹಾಕೋ ನಮಗೆಲ್ಲ ಒಂದು ವಿಷ್ಯ ಗೊತ್ತು. ಫೀಡ್ ಜಾಸ್ತಿ ಮಾಡಿ ಹುಲ್ಲು ಕಮ್ಮಿ ಮಾಡಿದ್ರೆ ಹಾಲಿನ ಫ್ಯಾಟ್ ಇಳಿಯುತ್ತೆ. ಯಾಕಂದ್ರೆ ಹುಲ್ಲು ಕರಗಿಸೋದು ಹಸು ಅಲ್ಲ, ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ಅವು ನಾರನ್ನ ಹುಳಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅನ್ನೋ ಸಣ್ಣ ಆಮ್ಲಗಳನ್ನ ಮಾಡ್ತವೆ. ಹಸುವಿನ ಶಕ್ತಿಯಲ್ಲಿ ಬಹುಪಾಲು ಇವುಗಳಿಂದಲೇ. ಹಾಲಿನ ಕೊಬ್ಬಿಗೆ ಮುಖ್ಯ ಕಚ್ಚಾ ಮಾಲು ಅಸಿಟೇಟ್.

ಇದೇ ಕೆಲಸ ನಮ್ಮ ದೊಡ್ಡ ಕರುಳಲ್ಲೂ ಸಣ್ಣದಾಗಿ ನಡೆಯುತ್ತೆ. ರಾಗಿ, ಹುರುಳಿ, ಅವರೆ, ಸೊಪ್ಪಿನ ನಾರು ನಮ್ಮ ಜಠರದಲ್ಲಿ ಕರಗದೆ ಕೆಳಗೆ ಇಳಿಯುತ್ತೆ. ಅಲ್ಲಿನ ಜೀವಿಗಳು ಅದನ್ನ ತಿಂದು ಅದೇ ಮೂರು ಆಮ್ಲ ಮಾಡ್ತವೆ. ದೊಡ್ಡ ಕರುಳಿನ ಒಳಪದರದ ಕಣಗಳಿಗೆ ಮುಖ್ಯ ಆಹಾರ ಬ್ಯುಟಿರೇಟ್. ನಾರು ಸಿಗದಿದ್ರೆ ಏನಾಗುತ್ತೆ? 2016ರಲ್ಲಿ ಇಲಿಗಳ ಮೇಲೆ ನೋಡಿದಾಗ, ಹಸಿದ ಜೀವಿಗಳು ಕರುಳನ್ನ ಕಾಯೋ ಲೋಳೆಪದರವನ್ನೇ ತಿನ್ನೋಕೆ ಶುರುಮಾಡಿದ್ವು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಕೊಟ್ಟ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಮ್ಮಿ. ಹಸುವಿಗೆ ಹುಲ್ಲು ಲೆಕ್ಕ ಹಾಕಿ ಹಾಕ್ತೀವಿ, ನಾವು ಮಾತ್ರ ಮೂರು ಹೊತ್ತೂ ಬಿಳಿ ಅನ್ನ ಉಣ್ತೀವಿ.

ನಮ್ಮ ಹಂಗಳದ ಕಡೆ ಸೂರ್ಯಕಾಂತಿ, ಚೆಂಡು ಹೂ ಬಂದ ಮೇಲೆ ರಾಗಿ ಹೊಲ ಕಮ್ಮಿ ಆಯ್ತು. ಹೂ ಬ್ಯಾಡ ಅಂತ ನಾನು ಹೇಳಲ್ಲ, ಕೈಗೆ ಕಾಸು ಸಿಗೋದು ಅದ್ರಿಂದ್ಲೇ. ಕಾಡಂಚಿನಲ್ಲಿ ರಾಗಿ ತೆನೆಗೆ ಬಂದ್ರೆ ಆನೆ, ಹಂದಿ ಕಾಟ, ರಾತ್ರಿ ಎಲ್ಲಾ ಅಟ್ಟಣೆ ಮೇಲೆ ಕಾವಲು. ಅದೂ ನಿಜ. ಆದ್ರೂ ಮನೆ ಊಟಕ್ಕೆ ಆಗೋಷ್ಟು ರಾಗಿ, ಅದರ ಸಾಲಲ್ಲಿ ಅವರೆ, ಸೂರ್ಯಕಾಂತಿ ಕೊಯ್ದ ಮೇಲೆ ಒಂದಿಷ್ಟು ಹುರುಳಿ ಹಾಕೋಣ ಅನ್ನೋದು ನನ್ನ ಅಭಿಪ್ರಾಯ. ಮನೆ ಹತ್ರದ ತುಂಡು ಆದ್ರೆ ಕಾಯೋದೂ ಸುಲಭ.

ರಾಗಿ ಹಿಟ್ಟನ್ನ ತೀರಾ ನುಣ್ಣಗೆ ಜರಡಿ ಹಿಡೀಬೇಡಿ, ತೌಡಲ್ಲೇ ನಾರು ಇರೋದು. ಅಭ್ಯಾಸ ತಪ್ಪಿದವರು ನಿಧಾನಕ್ಕೆ ಜಾಸ್ತಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಹೊಟ್ಟೆ ಉಬ್ಬರಿಸುತ್ತೆ. ಇದು ಔಷಧಿ ಅಲ್ಲ. ಕರುಳಿನ ಕಾಯಿಲೆ ಇರೋರು ಡಾಕ್ಟರ್ ಕೇಳಿಯೇ ಬದಲಾಯಿಸಿ.

ಈ ಸಲ ಬಿತ್ತನೆ ಲೆಕ್ಕ ಹಾಕುವಾಗ ಮಾರೋ ಬೆಳೆ ಒಂದು ಕಡೆ ಬರೀರಿ, ಮನೆಯೋರು ಉಣ್ಣೋ ಬೆಳೆ ಇನ್ನೊಂದು ಕಡೆ. ಎರಡನೇ ಸಾಲು ಖಾಲಿ ಬಿಡಬೇಡಿ.