ರಿಪೋರ್ಟ್ ನಿಂತ ದಿನ ಲೆಕ್ಕ ಯಾರ ಕೈಲಿತ್ತು?

2021ರ ಜನವರಿ 12, ಮಂಗಳವಾರ. ಸಂಕ್ರಾಂತಿಗೆ ಇನ್ನು ಎರಡೇ ದಿನ.

ಪತ್ರಿಕೋದ್ಯಮ ಓದಿ ಮುಗಿಸಿದ್ದೆ. ಲಾಕ್‌ಡೌನ್ ಕಾಲ, ಪತ್ರಿಕೆಗಳಲ್ಲಿ ಇದ್ದವರನ್ನೇ ಕಳಿಸುತ್ತಿದ್ದರು, ಹೊಸಬರಿಗೆಲ್ಲಿ ಕೆಲಸ? ಹಾಗಾಗಿ ಜಿಲ್ಲಾ ಕೇಂದ್ರದ ಒಂದು ಗೊಬ್ಬರ, ಬೀಜದ ಹೋಲ್‌ಸೇಲ್ ಅಂಗಡಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿಕೊಂಡಿದ್ದೆ.

ದಿನಾ ಬೆಳಿಗ್ಗೆ ನನ್ನ ಮೊದಲ ಕೆಲಸ ಒಂದೇ. ಬ್ರೌಸರ್ ತೆರೆದು 'ಡ್ಯಾಶ್‌ಬೋರ್ಡ್' ಪ್ರಿಂಟ್ ತೆಗೆದು ಮಾಲೀಕರ ಮೇಜಿನ ಮೇಲೆ ಇಡುವುದು. ಅದರಲ್ಲಿ ಗಾಡಿಯ ಮೀಟರ್ ಥರ ಒಂದು ಮುಳ್ಳು. ಕೆಳಗೆ ಹಳ್ಳಿ ಅಂಗಡಿಗಳ ಹೆಸರು, ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ದೀಪ. ಹಸಿರು ಇದ್ದರೆ ಮಾಲು ಕಳಿಸಬಹುದು. ಕೆಂಪು ಇದ್ದರೆ ಬಾಕಿ ಜಾಸ್ತಿ, ಮಾಲು ನಿಲ್ಲಿಸು ಅಂತ ಅರ್ಥ.

ಅವತ್ತು ತೆರೆದರೆ ಮುಳ್ಳೂ ಇಲ್ಲ, ದೀಪವೂ ಇಲ್ಲ. ಬರೀ ಖಾಲಿ ಡಬ್ಬಿ.

"ಏನಮ್ಮಾ, ರಿಪೋರ್ಟ್ ಎಲ್ಲಿ?" ಅಂದರು ಮಾಲೀಕರು.

"ಬರ್ತಿಲ್ಲ ಸಾರ್."

"ನೆಟ್ ಇಲ್ವಾ?"

"ನೆಟ್ ಇದೆ ಸಾರ್. ಫ್ಲ್ಯಾಶ್ ಇಲ್ಲ."

ಫ್ಲ್ಯಾಶ್ ಅಂದರೆ ಏನು ಅಂತ ಅವರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವತ್ತೇ ಗೊತ್ತಾಗಿದ್ದು.

ಟ್ರ್ಯಾಕ್ಟರ್ ಮತ್ತು ರೋಟವೇಟರ್

ನೀವು ಈ ಬರಹ ಓದುತ್ತಿರುವ ಕ್ರೋಮ್‌ನಂಥದ್ದಕ್ಕೆ ಬ್ರೌಸರ್ ಅಂತಾರೆ. ಅದು ಟ್ರ್ಯಾಕ್ಟರ್ ಅಂದುಕೊಳ್ಳಿ. ಅದರ ಹಿಂದೆ ಜೋಡಿಸುವ ರೋಟವೇಟರ್ ಇದೆಯಲ್ಲ, ಅದು ಪ್ಲಗ್‌ಇನ್. ಟ್ರ್ಯಾಕ್ಟರ್ ಒಂದು ಕಂಪನಿಯದು, ರೋಟವೇಟರ್ ಇನ್ನೊಂದು ಕಂಪನಿಯದು. ರೋಟವೇಟರ್ ಮಾಡುವವರು ಅಂಗಡಿ ಮುಚ್ಚಿ, ಟ್ರ್ಯಾಕ್ಟರ್‌ನವರು ಜೋಡಿಸುವ ಕೊಂಡಿಯನ್ನೇ ತೆಗೆದುಬಿಟ್ಟರೆ ನಿಮ್ಮ ರೋಟವೇಟರ್ ಎಷ್ಟೇ ಗಟ್ಟಿ ಇರಲಿ, ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯಬೇಕು.

ಅಡೋಬಿ ಕಂಪನಿಯ ಫ್ಲ್ಯಾಶ್ ಪ್ಲೇಯರ್‌ಗೆ ಆದದ್ದು ಇದೇ. ಒಂದು ಕಾಲಕ್ಕೆ ಬ್ರೌಸರ್‌ನಲ್ಲಿ ಆಟ, ವಿಡಿಯೊ, ಕುಣಿಯುವ ಚಿತ್ರ ಏನೇ ಬೇಕಿದ್ದರೂ ಫ್ಲ್ಯಾಶ್ ಬೇಕಿತ್ತು. ಅದರಲ್ಲಿ ಕಳ್ಳರು ನುಗ್ಗುವ ಕಿಂಡಿಗಳು ಮತ್ತೆ ಮತ್ತೆ ಸಿಗುತ್ತಲೇ ಇದ್ದವು. ಅಷ್ಟರಲ್ಲಿ ಅದು ಮಾಡುತ್ತಿದ್ದ ಕೆಲಸವನ್ನು ಎಚ್‌ಟಿಎಂಎಲ್5 ಎಂಬ ಮುಕ್ತ ವಿಧಾನದಲ್ಲಿ ಬ್ರೌಸರ್‌ಗಳೇ ಮಾಡತೊಡಗಿದವು. 2017ರ ಜುಲೈನಲ್ಲಿ ಅಡೋಬಿ ಹೇಳಿತು, 2020ರ ಕೊನೆಗೆ ಫ್ಲ್ಯಾಶ್ ಮುಗಿಯಿತು ಅಂತ. 2020ರ ಡಿಸೆಂಬರ್ 31ಕ್ಕೆ ಮುಗಿಸಿತು. 2021ರ ಜನವರಿ 12ರಿಂದ ಪ್ಲೇಯರ್ ಒಳಗೇ ತಡೆ ಬಿತ್ತು. ಅದೇ ನಮ್ಮ ಮಂಗಳವಾರ.

ಮೂರು ವರ್ಷಕ್ಕೂ ಹೆಚ್ಚು ಕಾಲ ಮೊದಲೇ ಡಂಗುರ ಸಾರಿದ್ದರು. ಹಾಗಾಗಿ ಅಡೋಬಿಯನ್ನು ಬೈದು ಪ್ರಯೋಜನವಿಲ್ಲ. ನಾವು ಕಿವಿ ಕೊಟ್ಟಿರಲಿಲ್ಲ ಅಷ್ಟೆ.

ನಾವು ಮಾತ್ರ ಅಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಅರ್ಜಿಗಳು ಇನ್ನೂ ಫ್ಲ್ಯಾಶ್‌ನಲ್ಲೇ ಇದ್ದವು. ಅವು ತೆರೆಯಲಿ ಅಂತ 2021ರ ಜನವರಿಯಲ್ಲಿ ಆ ಇಲಾಖೆ ತನ್ನದೇ ಒಂದು ಬ್ರೌಸರ್ ಬಿಡುಗಡೆ ಮಾಡಿತು! ಬೀಗ ಬದಲಿಸುವ ಬದಲು ಹಳೆ ಕೀಲಿಗಾಗಿ ಹೊಸ ಬಾಗಿಲು ಮಾಡಿಸಿದ ಹಾಗೆ. ಒಂದು ದೇಶದ ತೆರಿಗೆ ಇಲಾಖೆಯೇ ಹೀಗಾದರೆ ನಮ್ಮ ಗೊಬ್ಬರದ ಅಂಗಡಿ ಯಾವ ಲೆಕ್ಕ?

ಕೆಂಪು ದೀಪದ ಹಿಂದಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮ ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿದ್ದ ಹುಡುಗ ಯಾವತ್ತೋ ಬೇರೆ ಕೆಲಸ ಹಿಡಿದು ಹೋಗಿದ್ದ. ಹಾಗಾಗಿ ಇನ್ನೊಬ್ಬರನ್ನು ಕರೆಸಿದೆವು. ಒಂದೇ ವಾರದಲ್ಲಿ ಹೊಸದು ಬಂತು. ಅದೇ ಮುಳ್ಳು, ಅದೇ ಬಣ್ಣ. ಫೋನ್‌ನಲ್ಲೂ ಕಾಣುತ್ತಿತ್ತು. ಮಾಲೀಕರಿಗೆ ಖುಷಿಯೋ ಖುಷಿ.

ಹದಿನೈದು ದಿನ ಕಳೆಯುವಷ್ಟರಲ್ಲಿ ಒಂದು ಹಳ್ಳಿಯ ಸಣ್ಣ ಅಂಗಡಿಯವರು ಪ್ಲಾಸ್ಟಿಕ್ ಕವರ್‌ನಲ್ಲಿ ಬಿಲ್ಲುಗಳನ್ನು ಸುತ್ತಿಕೊಂಡು ಬಂದರು. ವಯಸ್ಸಾದವರು. "ತಂಗೀ, ನಂಗೆ ಯಾಕೆ ಯೂರಿಯಾ ಕಳಿಸ್ತಿಲ್ಲ? ಊರಲ್ಲಿ ನಾಟಿ ಮುಗಿದು ಕೂತಿದೆ. ಜನ ನನ್ನ ಬಾಗಿಲಿಗೆ ಬಂದು ಬೈತಿದಾರೆ" ಅಂದರು. ನಮ್ಮ ಕಡೆ ಬೇಸಿಗೆ ಭತ್ತಕ್ಕೆ ಗೊಬ್ಬರ ಬೀಳುವ ದಿನಗಳವು. ಸ್ಕ್ರೀನ್ ನೋಡಿದೆ. ಅವರ ಹೆಸರಿನ ಮುಂದೆ ಕೆಂಪು ದೀಪ.

"ನಿಮ್ಮದು ಬಾಕಿ ಇದೆ ಯಜಮಾನ್ರೇ" ಅಂದೆ. ಅವರು ಒಂದೊಂದೇ ಬಿಲ್ ಬಿಡಿಸಿ ಮೇಜಿನ ಮೇಲೆ ಹರವಿದರು.

ನಮ್ಮ ಅಕೌಂಟೆಂಟ್ ಅಣ್ಣ ಲೆಡ್ಜರ್ ತೆಗೆದು ಮಧ್ಯಾಹ್ನದವರೆಗೆ ತಾಳೆ ನೋಡಿದರು. ತಪ್ಪು ಸಿಕ್ಕಿತು. ಮಾರಾಟವಾಗದೆ ವಾಪಸ್ ಬಂದ ಚೀಲಗಳ ದುಡ್ಡನ್ನು ಹಳೆ ಡ್ಯಾಶ್‌ಬೋರ್ಡ್ ಬಾಕಿಯಿಂದ ಕಳೆಯುತ್ತಿತ್ತು. ಹೊಸದು ಕಳೆಯುತ್ತಿರಲಿಲ್ಲ. ಹಾಗೆ ಮಾಡಬೇಕು ಅಂತ ಹೊಸಬರಿಗೆ ಹೇಳಿದವರೂ ಇಲ್ಲ. ಯಾಕೆಂದರೆ ನಮಗೇ ಗೊತ್ತಿರಲಿಲ್ಲ! ಆ ಲೆಕ್ಕದ ಸೂತ್ರ ಹಳೆ ಡ್ಯಾಶ್‌ಬೋರ್ಡ್‌ನ ಹೊಟ್ಟೆಯೊಳಗೆ ಎಲ್ಲೋ ಕೂತಿತ್ತು.

ಅವತ್ತೇ ಸಂಜೆ ಅವರಿಗೆ ಲೋಡ್ ಹೋಯಿತು. ಆದರೆ ಅಷ್ಟು ದಿನ ಗೊಬ್ಬರ ಸಿಗದೆ ಅವರ ಬಾಗಿಲು ಕಾದ ರೈತರಿಗೆ ನಾವು ಏನು ಹೇಳುವುದು? ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಇದು ಅಪರೂಪದ ಕಥೆ ಏನಲ್ಲ. ಆ ಕಾಲದಲ್ಲಿ ಇಂಥ ಡ್ಯಾಶ್‌ಬೋರ್ಡ್ ಮಾಡಲು ಎಕ್ಸೆಲ್ಸಿಯಸ್ ಎಂಬ ಸಾಫ್ಟ್‌ವೇರ್ ದೊಡ್ಡ ಕಂಪನಿಗಳಲ್ಲೆಲ್ಲ ಹೆಸರುವಾಸಿ. ಮುಂದೆ ಅದು ಎಸ್‌ಎಪಿ ಕಂಪನಿಯ ಕೈಗೆ ಬಂತು. ಅದರೊಳಗೆ ಒಂದು ಎಕ್ಸೆಲ್ ಹಾಳೆ ಇರುತ್ತಿತ್ತು. ಕೂಡು, ಕಳೆ, ಬಡ್ಡಿ, ರಿಯಾಯಿತಿ ಎಲ್ಲ ಸೂತ್ರಗಳನ್ನೂ ಆ ಹಾಳೆಯಲ್ಲಿ ಬರೆದು, ಮೇಲೆ ಮುಳ್ಳು, ದೀಪ ಕೂರಿಸಿ, ಒಂದು ಗುಂಡಿ ಒತ್ತಿದರೆ ಇಡೀ ಕಟ್ಟು ಫ್ಲ್ಯಾಶ್ ಫೈಲ್ ಆಗಿ ಹೊರಬರುತ್ತಿತ್ತು. ನೋಡುವವರಿಗೆ ಕಾಣುವುದು ದೀಪ ಮಾತ್ರ, ಸೂತ್ರ ಕಾಣುವುದಿಲ್ಲ. ಫ್ಲ್ಯಾಶ್ ಹೋದಾಗ ಇಂಥವನ್ನು ನೆಚ್ಚಿದ್ದ ಕಚೇರಿಗಳೆಲ್ಲ ಬೇರೆ ಸಾಫ್ಟ್‌ವೇರ್‌ಗೆ ಹೋಗಲೇಬೇಕಾಯಿತು. ಚಿತ್ರವನ್ನು ನೋಡಿಕೊಂಡು ಮತ್ತೆ ಬರೆಯಬಹುದು. ಸೂತ್ರವನ್ನು ಹುಡುಕಿ ತೆಗೆಯುವುದೇ ಕಷ್ಟ. ಮೂಲ ಫೈಲ್ ಕಳೆದುಕೊಂಡವರಿಗಂತೂ ನೆನಪೇ ಗತಿ.

ನನ್ನ ಅಭಿಪ್ರಾಯ ಇಷ್ಟೇ. ಹಳೆ ರಿಪೋರ್ಟನ್ನು ಹೊಸ ಸಾಫ್ಟ್‌ವೇರ್‌ಗೆ ತರುವ ಕೆಲಸ ಕಂಪ್ಯೂಟರ್ ಹುಡುಗರಿಗೆ ಬಿಟ್ಟುಬಿಡುವ ಕೆಲಸ ಅಲ್ಲ. ಅದು ಲೆಕ್ಕ ಬಲ್ಲವರು, ಆ ಲೆಕ್ಕದಿಂದ ಲಾಭ ನಷ್ಟ ಆಗುವವರು ಕೂತು ಮಾಡುವ ಕೆಲಸ. ಯಾರ ಹೆಸರಿನ ಮುಂದೆ ದೀಪ ಉರಿಯುತ್ತದೋ ಅವರಿಗೆ ಆ ದೀಪ ಯಾಕೆ ಕೆಂಪಾಯಿತು ಅಂತ ಕೇಳುವ ಹಕ್ಕಿದೆ.

"ನಡೀತಿದೆಯಲ್ಲ, ಯಾಕೆ ಮುಟ್ತೀರಿ?"

ಈ ಮಾತು ಎಲ್ಲ ಕಚೇರಿಯಲ್ಲೂ ಕೇಳಿಸುತ್ತದೆ. ಅದರಲ್ಲಿ ಅರ್ಥ ಇಲ್ಲ ಅನ್ನಲಾರೆ. ಬದಲಾವಣೆಗೆ ದುಡ್ಡು ಬೇಕು, ಸಮಯ ಬೇಕು. ಬದಲಾಯಿಸಿದಾಗ ತಪ್ಪೂ ಆಗುತ್ತದೆ, ನಾನೇ ನೋಡಿದ್ದೇನೆ.

ಆದರೆ ಕಾದರೆ ತಪ್ಪು ದೊಡ್ಡದಾಗುತ್ತದೆ. ಮೂರು ವರ್ಷ ಇದ್ದಾಗ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಬಹುದಿತ್ತು. ಹಳೆಯದು ಕಣ್ಣು ಮುಚ್ಚಿದ ಮೇಲೆ ಯಾವುದರ ಜೊತೆ ತಾಳೆ ನೋಡುತ್ತೀರಿ? ಇನ್ನು ಕೆಲವರು ಹಳೆ ಕಂಪ್ಯೂಟರ್‌ನಲ್ಲಿ ಹಳೆ ಬ್ರೌಸರ್ ಉಳಿಸಿಕೊಂಡು ದೂಡುತ್ತಾರೆ. ರಿಪೇರಿ ನಿಂತ ಸಾಫ್ಟ್‌ವೇರನ್ನು ನೆಟ್‌ಗೆ ಜೋಡಿಸಿ ಇಡುವುದು ಅಂದರೆ ಬಾಗಿಲು ತೆರೆದು ಸಂತೆಗೆ ಹೋದ ಹಾಗೆ.

ಫ್ಲ್ಯಾಶ್ ಒಂದೇ ಅಲ್ಲ. ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್‌ಗೆ ಬೆಂಬಲ 2021ರ ಅಕ್ಟೋಬರ್‌ನಲ್ಲಿ ನಿಂತಿತು. 2022ರ ಜೂನ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ ಕೂಡ ನಿವೃತ್ತಿ ಆಯಿತು. ಇವತ್ತು ಗಟ್ಟಿಯಾಗಿ ಕಾಣುವುದಕ್ಕೂ ಒಂದು ಕೊನೆಯ ದಿನ ಇದ್ದೇ ಇದೆ.

ನಮ್ಮೂರಿಗೂ ಇದಕ್ಕೂ ಏನು ಸಂಬಂಧ?

ಮೊದಲನೆಯದು, ಫ್ಲ್ಯಾಶ್ ಬಹುಪಾಲು ನಮ್ಮೂರಿಗೆ ಬರಲೇ ಇಲ್ಲ. ಐಫೋನ್ ಅದನ್ನು ಹತ್ತಿರ ಸೇರಿಸಲಿಲ್ಲ. 2011ರಲ್ಲೇ ಅಡೋಬಿ ಫೋನ್‌ಗಳಿಗೆ ಹೊಸ ಫ್ಲ್ಯಾಶ್ ಮಾಡುವುದನ್ನು ಕೈಬಿಟ್ಟಿತು. ನಮ್ಮಲ್ಲಿ ಹೆಚ್ಚಿನವರು ಇಂಟರ್ನೆಟ್ ಅಂತ ಮೊದಲು ಕಂಡದ್ದೇ ಫೋನ್‌ನಲ್ಲಿ, ಅದಕ್ಕೂ ಎಷ್ಟೋ ವರ್ಷ ಆದ ಮೇಲೆ. ಅಂದರೆ ನಮ್ಮ ಬಾಕಿ, ನಮ್ಮ ದಾಸ್ತಾನು ತೋರಿಸುವ ರಿಪೋರ್ಟ್ ಪಟ್ಟಣದ ಕಚೇರಿಯ ಕಂಪ್ಯೂಟರ್‌ನಲ್ಲಿ ಇತ್ತು. ನಮ್ಮ ಕೈಯಲ್ಲಿರುವ ಯಂತ್ರಕ್ಕೆ ಅದು ತೆರೆಯುತ್ತಿರಲಿಲ್ಲ. ಆ ಹಳ್ಳಿ ಅಂಗಡಿಯವರಿಗೆ ತಮ್ಮ ದೀಪ ಕೆಂಪಾಗಿದೆ ಅಂತ ಫೋನ್‌ನಲ್ಲೇ ಕಂಡಿದ್ದರೆ ಮೊದಲ ದಿನವೇ ಜಗಳಕ್ಕೆ ಬರುತ್ತಿದ್ದರು. ಬರಬೇಕಿತ್ತು.

ಎರಡನೆಯದು, ಈಗ ಲೆಕ್ಕದ ಸಾಫ್ಟ್‌ವೇರ್ ನಮ್ಮೂರಿಗೇ ಬರುತ್ತಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಪುಸ್ತಕದಲ್ಲಿದ್ದ ಬೆಳೆಸಾಲದ ಲೆಕ್ಕ ಕಂಪ್ಯೂಟರ್‌ಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಪುಸ್ತಕದಿಂದ ಕಂಪ್ಯೂಟರ್‌ಗೆ ಹೋಗುವುದೂ ನಮ್ಮ ಅಂಗಡಿಯಲ್ಲಿ ಆದಂಥದ್ದೇ ಸ್ಥಳಾಂತರ. ಸಾಗಿಸುವಾಗ ಒಂದು ಚೀಲ ಕೆಳಗೆ ಬಿದ್ದರೂ ಯಾರದೋ ಮನೆಯ ಲೆಕ್ಕ ಏರುಪೇರು.

ಮೂರನೆಯದು, ಈ ನೋವು ಕನ್ನಡದವರಿಗೆ ಹೊಸದಲ್ಲ. ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪ್‌ಗೆ ಹಾಕಿ ನೋಡಿ. ಅಕ್ಷರದ ಬದಲು ಕಾಗೆ ಕಾಲು, ಗುಬ್ಬಿ ಕಾಲು. ಅದನ್ನು ಯುನಿಕೋಡ್‌ಗೆ ತಿರುಗಿಸಿದರೂ ಒತ್ತಕ್ಷರ ಅಲ್ಲಲ್ಲಿ ಕೈಕೊಟ್ಟು, ಯಾರಾದರೂ ಕೂತು ಓದಿ ತಿದ್ದಬೇಕು. ರಿಪೋರ್ಟ್ ವಿಷಯದಲ್ಲೂ ಅಷ್ಟೇ. ಯಂತ್ರ ತಿರುಗಿಸಿಕೊಡುತ್ತದೆ, ಓದಿ ನೋಡುವ ಕಣ್ಣು ಮನುಷ್ಯರದೇ ಆಗಬೇಕು.

ಸಭೆಯಲ್ಲಿ ಕೇಳಿ

ನಿಮ್ಮ ವಿಎಸ್‌ಎಸ್‌ಎನ್, ಹಾಲಿನ ಡೇರಿ, ರೈತ ಉತ್ಪಾದಕರ ಕಂಪನಿ ಯಾವುದೇ ಇರಲಿ, ಹೊಸ ಸಾಫ್ಟ್‌ವೇರ್ ಅಂತ ವಾರ್ಷಿಕ ಸಭೆಯಲ್ಲಿ ಹೇಳಿದಾಗ ಚಪ್ಪಾಳೆ ತಟ್ಟುವ ಮೊದಲು ಐದು ಮಾತು ಕೇಳಿ.

ಒಂದು, ಇದು ಎಲ್ಲ ಫೋನ್‌ನಲ್ಲೂ, ಬೇರೆ ಏನನ್ನೂ ಹಾಕಿಕೊಳ್ಳದೆ ತೆರೆಯುತ್ತದಾ?

ಎರಡು, ನಮ್ಮ ಅಂಕಿಅಂಶವನ್ನೆಲ್ಲ ಎಕ್ಸೆಲ್‌ನಂಥ ಸಾದಾ ಫೈಲ್‌ನಲ್ಲಿ ಯಾವಾಗ ಬೇಕಾದರೂ ಹೊರಗೆ ತೆಗೆಯಬಹುದಾ?

ಮೂರು, ಬಡ್ಡಿ, ಬಾಕಿ, ಕಡಿತದ ಸೂತ್ರಗಳನ್ನು ಕನ್ನಡದಲ್ಲಿ ಕಾಗದದ ಮೇಲೆ ಬರೆದು ಸಂಘದ ಕಡತದಲ್ಲಿ ಇಟ್ಟಿದ್ದೀರಾ?

ನಾಲ್ಕು, ಹಳೆಯದು ಹೊಸದು ಎರಡನ್ನೂ ಕನಿಷ್ಠ ಮೂರು ತಿಂಗಳು ಜೊತೆಗೆ ನಡೆಸಿ, ಒಬ್ಬೊಬ್ಬ ಸದಸ್ಯರ ಲೆಕ್ಕ ತಾಳೆ ನೋಡುತ್ತೀರಾ?

ಐದು, ಮಾಡಿಕೊಟ್ಟವರು ಬಿಟ್ಟು ಹೋದರೆ ಮುಂದೆ ಯಾರು?

ಇವಕ್ಕೆ ಉತ್ತರ ಕೊಡಲು ಇಂಜಿನಿಯರ್ ಬೇಕಿಲ್ಲ, ಕೇಳಲೂ ಬೇಕಿಲ್ಲ. ಸಾಲ ತಗೊಂಡವರು, ಹಾಲು ಹಾಕುವವರು ಸಾಕು.

ಆ ಹಿರಿಯರು ಅವತ್ತು ಹೋಗುವಾಗ ಬಿಲ್ಲುಗಳನ್ನು ಮತ್ತೆ ಒಂದೊಂದಾಗಿ ಮಡಿಸಿ ಕವರ್‌ನಲ್ಲಿ ಸುತ್ತಿಕೊಂಡರು. "ಇವನ್ನು ಇಟ್ಕೊಂಡಿದ್ದಕ್ಕೆ ಬಚಾವಾದೆ ತಂಗೀ" ಅಂದರು. ಇಷ್ಟೆಲ್ಲ ಕಂಪ್ಯೂಟರ್ ಇದ್ದ ಆಫೀಸಿನಲ್ಲಿ ಅವತ್ತು ಸರಿಯಾದ ಲೆಕ್ಕ ಇದ್ದದ್ದು ಆ ಪ್ಲಾಸ್ಟಿಕ್ ಕವರ್‌ನಲ್ಲಿ. ನಿಮ್ಮ ರಸೀದಿಗಳನ್ನೂ ಜೋಪಾನ ಮಾಡಿ. ಹೊಸ ಸಾಫ್ಟ್‌ವೇರ್ ಬಂದ ಮೊದಲ ವರ್ಷವಂತೂ ಒಂದನ್ನೂ ಎಸೆಯಬೇಡಿ.